ಮೂರಡಿ ದೂರದಿಂದ ಚೆಂದ: ಯುದ್ಧದಾಟದ ಸಿಪಾಯಿ, ಹಡಗುಗಳಿಗೆ ಬಣ್ಣ ಹಚ್ಚುವ ಬಗೆ

ನಾನು ಬಣ್ಣ ಹಚ್ಚಿದ ಮೊದಲ ಸಿಪಾಯಿಗೆ ಕಣ್ಣುಗುಡ್ಡೆ ಕೂಡ ಇತ್ತು. ಬಿಳಿ, ಅದರೊಳಗೆ ಕಪ್ಪು ಚುಕ್ಕಿ. ಗೊಂಬೆಯ ಎತ್ತರ 28 ಮಿ.ಮೀ., ಮುಖ ಕಡಲೆಬೇಳೆಗಿಂತ ಚಿಕ್ಕದು. ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು. ಸಂಜೆ ಅದನ್ನು ಮೇಜಿನ ಮೇಲಿಟ್ಟು, ಎದ್ದು ನಿಂತು ನೋಡಿದೆ. ಕಣ್ಣು ಹಾಗಿರಲಿ, ಮುಖವೇ ಸರಿಯಾಗಿ ಕಾಣಲಿಲ್ಲ. ಕೆಂಪು ಕೋಟು, ಬಿಳಿ ಪಟ್ಟಿ, ಅಷ್ಟೇ.

ಇದು ಷೋಕೇಸಿನ ಗೊಂಬೆ ಅಲ್ಲ ಅಂತ ಅವತ್ತು ಗೊತ್ತಾಯಿತು. ಇದು ಆಟದ ಕಾಯಿ. ಟೇಪು ಹಿಡಿದು ಅಳೆದು ದಂಡು ನಡೆಸುತ್ತೇವೆ, ದಾಳ ಹಾಕಿ ಗುಂಡು ಹೊಡೆಯುತ್ತೇವೆ. ಆಡುವವರು ಮೂರಡಿ ದೂರದಲ್ಲಿ ನಿಂತಿರುತ್ತಾರೆ. ಅವರ ಕಣ್ಣು ಬೀಳುವುದು ಒಬ್ಬ ಸಿಪಾಯಿಯ ಮೇಲಲ್ಲ, ಇಪ್ಪತ್ತನಾಲ್ಕು ಜನರ ಸಾಲಿನ ಮೇಲೆ. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಗೆರೆಗಳು ವಿಪರೀತ ದಪ್ಪ ಅನ್ನಿಸುತ್ತವೆ. ರಂಗಸ್ಥಳಕ್ಕೆ ಬಂದ ಮೇಲೆ, ಕೊನೆಯ ಸಾಲಿನಲ್ಲಿ ಕೂತವನಿಗೆ ಅವೇ ಸರಿ. ಮುಂದೆ ಹೇಳುವುದೆಲ್ಲ ಈ ಮೂರಡಿ ಲೆಕ್ಕದಲ್ಲೇ.

ಯಾವ ದಂಡಿನಿಂದ ಶುರು ಮಾಡೋದು

ಹೊಸಬರಿಗೆ ನಾನು ಹೇಳುವುದು 1815ರ ವಾಟರ್‌ಲೂ ಯುದ್ಧದ ಬ್ರಿಟಿಷ್ ಕಾಲಾಳುಗಳನ್ನು. ಅದರಲ್ಲೂ 33ನೇ ರೆಜಿಮೆಂಟು. ಒಂದು ಕಾರಣ ಶುದ್ಧ ಸೋಮಾರಿತನ. ಆಗಿನ ಬ್ರಿಟಿಷ್ ಸಿಪಾಯಿಯ ಕೋಟು ಕೆಂಪು. ಕಾಲರು, ತೋಳಿನ ತುದಿ ಮಾತ್ರ ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ: ಹಳದಿ, ಹಸಿರು, ನೀಲಿ, ಹೀಗೆ. 33ನೆಯದಕ್ಕೆ ಅದೂ ಕೆಂಪೇ. ಒಂದು ಕೆಲಸ ಉಳಿಯಿತು, ಅಲ್ವಾ?

ಇನ್ನೊಂದು ಕಾರಣ ನಮ್ಮ ಕಡೆಯದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಸೈನ್ಯದಲ್ಲಿ ಇದೇ 33ನೇ ರೆಜಿಮೆಂಟು ಇತ್ತು. ಜೊತೆಗೆ ಅದರ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿದ ಅವನು ಕತ್ತಲಲ್ಲಿ ದಿಕ್ಕು ತಪ್ಪಿ, ಟಿಪ್ಪುವಿನ ಸೈನಿಕರ ಹೊಡೆತಕ್ಕೆ ಹಿಂದೆ ಸರಿಯಬೇಕಾಯಿತು. ಹದಿನಾರು ವರ್ಷದ ಮೇಲೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಆ ಬಯಲಿನಲ್ಲೂ 33ನೆಯದು ಇತ್ತು.

ಹಾಗಂತ ಒಂದೇ ಗೊಂಬೆಯನ್ನು ಎರಡೂ ಯುದ್ಧಕ್ಕೆ ಇಳಿಸಬೇಡಿ. ಟೋಪಿ ಬೇರೆ. ವಾಟರ್‌ಲೂನದು ಮುಂಭಾಗ ಎತ್ತರವಾಗಿ ನಿಲ್ಲುವ ಬೆಲ್ಜಿಕ್ ಶಾಕೋ. ಬಾವುಟವೂ ಬೇರೆ. ಬ್ರಿಟನ್ನಿನ ಯೂನಿಯನ್ ಬಾವುಟಕ್ಕೆ ಐರ್ಲೆಂಡಿನ ಕೆಂಪು ಓರೆಪಟ್ಟಿ ಸೇರಿದ್ದು 1801ರಲ್ಲಿ. 1799ರ ದಂಡಿನ ಕೈಗೆ ಆ ಬಾವುಟ ಕೊಟ್ಟರೆ ಆಟದ ಮನೆಯಲ್ಲಿ ಒಬ್ಬರಾದರೂ ಗಂಟಲು ಸರಿಮಾಡಿಕೊಳ್ಳುತ್ತಾರೆ.

28 ಮಿ.ಮೀ. ಅಳತೆಯಲ್ಲಿ ಪೆರಿ, ವಿಕ್ಟ್ರಿಕ್ಸ್, ವಾರ್ಲಾರ್ಡ್ ಗೇಮ್ಸ್ ಮೂವರೂ ಈ ಕಾಲದ ಪ್ಲಾಸ್ಟಿಕ್ ಸಿಪಾಯಿಗಳನ್ನು ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಬಿಡಿ ಭಾಗಗಳಿರುತ್ತವೆ, ಅಂಟಿಸಿಕೊಳ್ಳಬೇಕು. ಜಾಗ ಕಡಿಮೆ ಇದ್ದವರಿಗೆ 15 ಮಿ.ಮೀ., 6 ಮಿ.ಮೀ. ಕೂಡ ಇವೆ. ಆದರೆ ಕೈ ಪಳಗುವುದಕ್ಕೆ 28 ಒಳ್ಳೆಯದು.

ಸಾಮಾನು

ಹೊಸಬರು ಮೊದಲು ಕೊಳ್ಳುವುದು ಕೂದಲೆಳೆಯಷ್ಟು ಸಣ್ಣ ಬ್ರಷ್. ಬೇಡ. ಅದರ ತುದಿಯಲ್ಲಿ ನಿಲ್ಲುವ ಬಣ್ಣ ಗೊಂಬೆ ತಲುಪುವ ಮೊದಲೇ ಒಣಗಿಹೋಗುತ್ತದೆ. ನಂಬರ್ 2 ಮತ್ತು ನಂಬರ್ 1 ಸಾಕು. ಮೊನೆ ಚೂಪಾಗಿರಬೇಕು, ಅಷ್ಟೇ. ಕೂದಲು ಕೆದರಿದ ಹಳೇ ಬ್ರಷ್ ಒಂದನ್ನು ಎಸೆಯದೆ ಇಟ್ಟುಕೊಳ್ಳಿ, ನೆಲದ ಕೆಲಸಕ್ಕೆ ಬೇಕು.

ಬಣ್ಣ ಅಕ್ರಿಲಿಕ್ ಆಗಿರಲಿ. ವ್ಯಾಲೆಹೋ, ಸಿಟಡೆಲ್, ಆರ್ಮಿ ಪೇಂಟರ್ ಇವೆಲ್ಲ ಚೆನ್ನಾಗಿವೆ, ನಮಗೆ ದುಬಾರಿ. ಸಿಪಾಯಿಯ ಮೈಗೆ ಇವನ್ನು ಬಳಸಿ. ನೆಲ, ಸಮುದ್ರ, ಹಡಗಿನ ಪಟಗಳಿಗೆ ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಅಕ್ರಿಲಿಕ್ ಟ್ಯೂಬ್ ಧಾರಾಳವಾಗಿ ಸಾಕು. ನೀರು ಬೆರೆಸಿಯೇ ಹಚ್ಚಬೇಕು. ಹದ ಕೇಳಿದರೆ, ಕೆನೆ ತೆಗೆದ ಹಾಲು. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಯಾವಾಗಲೂ ಮೇಲು.

ಬೇಸಿಗೆಯಲ್ಲಿ ತಟ್ಟೆಯ ಮೇಲೆ ಬಣ್ಣ ಐದು ನಿಮಿಷ ನಿಲ್ಲುವುದಿಲ್ಲ. ಮುಚ್ಚಳ ಇರುವ ಚಪ್ಪಟೆ ಡಬ್ಬಿಗೆ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬೇಕಿಂಗ್ ಪೇಪರ್ ಇಡಿ. ಬಣ್ಣವನ್ನು ಆ ಕಾಗದದ ಮೇಲೆ ಕಲಸಿ. ಮುಚ್ಚಿಟ್ಟರೆ ಮಾರನೇ ದಿನವೂ ಹಸಿಯಾಗಿರುತ್ತದೆ.

ಬಣ್ಣಕ್ಕೆ ಮೊದಲು

ಅಚ್ಚಿನ ಎರಡು ಭಾಗ ಕೂಡುವಲ್ಲಿ ಗೊಂಬೆಯ ಮೈಮೇಲೆ ಒಂದು ಸಣ್ಣ ಏಣು ಉಳಿದಿರುತ್ತದೆ. ಚಾಕುವಿನ ಬೆನ್ನಿನಿಂದ ಅದನ್ನು ಹೆರೆಯಿರಿ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಮುಂದೆ ವಾಶ್ (ನೀರಿನಂಥ ತೆಳು ಬಣ್ಣ) ಹಚ್ಚಿದಾಗ ಆ ಏಣು ಗಾಯದ ಗುರುತಿನ ಥರ ಎದ್ದು ಕಾಣುತ್ತದೆ. ಲೋಹ ಮತ್ತು ರೆಸಿನ್ ಭಾಗಗಳನ್ನು ಸೋಪು ನೀರಿನಲ್ಲಿ ತೊಳೆಯಿರಿ.

ಆಮೇಲೆ ಐಸ್‌ಕ್ರೀಮ್ ಕಡ್ಡಿಗೆ ನಾಲ್ಕರಂತೆ, ಡಬಲ್ ಟೇಪಿನಲ್ಲಿ ಸಾಲಾಗಿ ಅಂಟಿಸಿ. ಎರಡು ಕಡ್ಡಿ, ಎಂಟು ಸಿಪಾಯಿ. ಒಂದು ಕಂತಿಗೆ ಅಷ್ಟು ಸಾಕು. ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಹಿಡಿದರೆ ಬೆಲ್ಟು ಹಚ್ಚುವ ಹೊತ್ತಿಗೆ ಜೀವನವೇ ಬೇಡ ಅನ್ನಿಸುತ್ತದೆ. ಒಂದೊಂದಾಗಿ ಮಾಡಿದರೆ ವರ್ಷ ಕಳೆಯುತ್ತದೆ.

ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಹಚ್ಚುವ ತಳಪದರ, ಬೂದು ಬಣ್ಣದ್ದಿರಲಿ. ಕಪ್ಪಿನ ಮೇಲೆ ಕೆಂಪು ಏಳುವುದಿಲ್ಲ, ಬಿಳಿಯ ಮೇಲೆ ಬಿಟ್ಟುಹೋದ ಜಾಗ ಎಲ್ಲ ಕಾಣುತ್ತದೆ. ವಾಹನಗಳಿಗೆ ಹೊಡೆಯುವ ಬೂದು ಪ್ರೈಮರ್ ಸ್ಪ್ರೇ ನಾನು ಬಳಸುತ್ತೇನೆ. ಮೊದಲು ಬೇಡದ ಒಂದು ಗೊಂಬೆಯ ಮೇಲೆ ಹೊಡೆದು ನೋಡಿ. ಒಂದಡಿ ದೂರದಿಂದ, ತೆಳ್ಳಗೆ, ಸರ್ರನೆ ಹಾಯಿಸಬೇಕು.

ಮಳೆಗಾಲದಲ್ಲಿ ಸ್ಪ್ರೇ ಮುಟ್ಟಬೇಡಿ. ಒಂದು ಜುಲೈ ಸಂಜೆ ಮಳೆ ನಿಂತಿತಲ್ಲ ಅಂತ ತಾರಸಿಗೆ ಹೋಗಿ, ಮುಗಿದ ಇಡೀ ದಂಡಿಗೆ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಗಾಳಿಯಲ್ಲಿನ ತೇವ ಸಿಕ್ಕಿಕೊಂಡು ಹತ್ತು ನಿಮಿಷದಲ್ಲಿ ಎಲ್ಲರ ಮೇಲೂ ಬೂದಿ ಎರಚಿದ ಹಾಗಾಯಿತು. ಹೊಳೆಯುವ ವಾರ್ನಿಶನ್ನು ಬ್ರಷ್‌ನಲ್ಲಿ ಬಳಿದ ಮೇಲೆ ಆ ಮಂಜು ಬಹುಪಾಲು ಮರೆಯಾಯಿತು. ಎಲ್ಲ ಹೋಗಲಿಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನದು ಬ್ರಷ್‌ನಲ್ಲಿ ಬಳಿಯುವ ಪ್ರೈಮರು, ಬ್ರಷ್‌ನಲ್ಲಿ ಬಳಿಯುವ ವಾರ್ನಿಶು.

ಕೆಂಪು ಕೋಟು

ಈ ದಂಡಿನ ಜೀವ ಇರುವುದು ಕೆಂಪಿನಲ್ಲಿ. ಸ್ವಲ್ಪ ನಿಧಾನ ಮಾಡಿ.

ಮೊದಲು ಕೋಟಿನ ಜಾಗಕ್ಕೆಲ್ಲ ಕಂದುಗೆಂಪು ಹಚ್ಚಿ, ಹಳೇ ಇಟ್ಟಿಗೆಯ ಬಣ್ಣ. ಅದು ಒಣಗಿದ ಮೇಲೆ ನಿಜವಾದ ಕೆಂಪು. ಆದರೆ ಪೂರ್ತಿ ಮುಚ್ಚಬೇಡಿ. ಕಂಕುಳು, ಮೊಣಕೈ ಮಡಿಕೆ, ಬೆಲ್ಟಿನ ಪಕ್ಕ, ಅಲ್ಲೆಲ್ಲ ಕಂದು ಹಾಗೇ ಇರಲಿ. ಆ ನೆರಳೇ ಮೂರಡಿಯಿಂದ ತೋಳನ್ನು ಮೈಯಿಂದ ಬೇರೆ ಮಾಡಿ ತೋರಿಸುವುದು. ಭುಜದ ಮೇಲ್ಭಾಗಕ್ಕೆ, ತೋಳಿನ ಉಬ್ಬಿಗೆ ಇನ್ನೂ ಒಂದು ಮೆಟ್ಟಿಲು ತಿಳಿ ಬೇಕು ಅನ್ನಿಸಿದರೆ ಕೆಂಪಿಗೆ ಒಂದು ತೊಟ್ಟು ಕಿತ್ತಳೆ ಸೇರಿಸಿ. ಬಿಳಿ ಸೇರಿಸಿದರೆ ಗುಲಾಬಿ ಆಗುತ್ತದೆ, ಮದುವೆ ಬ್ಯಾಂಡಿನವರ ಹಾಗೆ ಕಾಣುತ್ತಾರೆ.

ಪ್ಯಾಂಟು ಬೂದು. ಬೆನ್ನ ಚೀಲ ಕಪ್ಪು, ಅದರ ಮೇಲೆ ಸುತ್ತಿಟ್ಟ ಹೊದಿಕೆ ಬೂದು. ಪಕ್ಕದ ಬಟ್ಟೆ ಚೀಲ ಮಾಸಲು ಬಿಳಿ. ಮರದ ನೀರಿನ ಡಬ್ಬಿಗೆ ತಿಳಿ ನೀಲಿ. ಇಷ್ಟು ಗೊಂಬೆಯ ಬೆನ್ನಿನ ಮೇಲೆ ನೀಲಿ ಇರುವುದು ಆ ಒಂದು ಕಡೆ ಮಾತ್ರ, ಹಾಗಾಗಿ ದೂರದಿಂದ ಚೆನ್ನಾಗಿ ಎದ್ದು ಬರುತ್ತದೆ. ಆಟದಲ್ಲಿ ನಿಮ್ಮ ಸಿಪಾಯಿಗಳ ಬೆನ್ನನ್ನೇ ನೀವು ಮೂರು ಗಂಟೆ ನೋಡುತ್ತೀರಿ ಅನ್ನುವುದು ನೆನಪಿರಲಿ. ಎಷ್ಟೋ ಜನ ಎದೆಗೆ ಅಷ್ಟು ಕಷ್ಟಪಟ್ಟು ಬೆನ್ನಿಗೆ ಸುಮ್ನೆ ಬಳಿದು ಬಿಡುತ್ತಾರೆ.

ಬಂದೂಕಿನ ಮರ ಕೆಂಪು ಮಿಶ್ರಿತ ಕಂದು. ನಳಿಗೆ ಕಪ್ಪಲ್ಲ, ಬೆಳ್ಳಿ. ಆಗ ಅದನ್ನು ತಿಕ್ಕಿ ಹೊಳೆಯುವಂತೆ ಇಡುತ್ತಿದ್ದರು. ಶಾಕೋ ಕಪ್ಪು ಅಂದರೂ ಅಚ್ಚ ಕಪ್ಪು ಹಚ್ಚದೆ, ಕಪ್ಪಿಗೆ ಚೂರು ಬೂದು ಬೆರೆಸಿ. ಅಚ್ಚ ಕಪ್ಪು ಇಷ್ಟು ಸಣ್ಣ ಗೊಂಬೆಯ ಮೇಲೆ ತೂತಿನ ಥರ ಕಾಣುತ್ತದೆ. ಟೋಪಿಯ ಕುಚ್ಚು ನಡುವಿನ ಕಂಪನಿಗಳಿಗೆ (ಕಂಪನಿ ಅಂದರೆ ರೆಜಿಮೆಂಟಿನೊಳಗಿನ ತುಕಡಿ) ಮೇಲೆ ಬಿಳಿ ಕೆಳಗೆ ಕೆಂಪು, ಗ್ರೆನೇಡಿಯರ್ ಕಂಪನಿಗೆ ಬಿಳಿ, ಲೈಟ್ ಕಂಪನಿಗೆ ಹಸಿರು.

ಮುಖಕ್ಕೆ ತಿಳಿ ಕಂದು ತಳ, ಅದರ ಮೇಲೆ ಮೂಗು, ಎರಡು ಕೆನ್ನೆ, ಗದ್ದಕ್ಕೆ ತಿಳಿ ಚರ್ಮದ ಬಣ್ಣದ ನಾಲ್ಕು ಚುಕ್ಕಿ. ಕಣ್ಣು ಬೇಡ. ಹುಬ್ಬಿನ ಕೆಳಗಿನ ನೆರಳೇ ಕಣ್ಣು.

ಈಗ ವಾಶ್. ಇದು ನೀರಿನಂಥ ಗಾಢ ಕಂದು ಬಣ್ಣ. ಆರ್ಮಿ ಪೇಂಟರ್‌ನ ಸ್ಟ್ರಾಂಗ್ ಟೋನ್, ಸಿಟಡೆಲ್‌ನ ಆಗ್ರಾಕ್ಸ್ ಅರ್ತ್‌ಶೇಡ್ ಯಾವುದಾದರೂ ನಡೆಯುತ್ತದೆ. ಮೈಗೆಲ್ಲ ಹರಿಯಬಿಡಿ. ತಗ್ಗಿನಲ್ಲಿ ನಿಂತು ನೆರಳಾಗುತ್ತದೆ. ಎಲ್ಲಾದರೂ ಹನಿ ಕೂಡಿಕೊಂಡರೆ ಒಣ ಬ್ರಷ್‌ನ ತುದಿ ತಾಗಿಸಿ ಹೀರಿಸಿ. ಆಮೇಲೆ ಒಂದು ರಾತ್ರಿ ಮುಟ್ಟಬೇಡಿ.

ಎದೆಯ ಮೇಲಿನ ಎರಡು ಬಿಳಿ ಅಡ್ಡಪಟ್ಟಿಗಳನ್ನು ವಾಶ್ ಆದ ಮೇಲೆ ಹಚ್ಚುವುದು ನನ್ನ ಪದ್ಧತಿ. ಮೊದಲೇ ಹಚ್ಚಿದರೆ ಕಂದು ವಾಶ್ ಕುಡಿದು ಅವು ಚಹಾ ಬಿದ್ದ ಬಟ್ಟೆ ಆಗುತ್ತವೆ. ತಿಳಿ ಬೂದಿನಿಂದ ಶುರು ಮಾಡಿ, ಭುಜದ ಹತ್ತಿರ ಮತ್ತು ಎದೆ ನಡುವೆ ಮಾತ್ರ ಬಿಳಿ. ಕೈ ಅಲುಗಿ ಬಿಳಿ ಹೊರಗೆ ಹೋದರೆ ಕಂದುಗೆಂಪಿನಲ್ಲಿ ತಿದ್ದಿ. ತಿದ್ದಿದ ಗೆರೆಯೇ ಪಟ್ಟಿಗೆ ಅಂಚು ಕೊಡುತ್ತದೆ. ಇಡೀ ಗೊಂಬೆಯಲ್ಲಿ ನೀವು ನೇರ ಗೆರೆಗಾಗಿ ಉಸಿರು ಹಿಡಿಯಬೇಕಾದ್ದು ಇಲ್ಲಿ ಮಾತ್ರ. ಮೂರಡಿಯಿಂದ ಬ್ರಿಟಿಷ್ ಸಿಪಾಯಿ ಅಂದರೆ ಕೆಂಪಿನ ಮೇಲೆ ಆ ಬಿಳಿ ಎಕ್ಸ್ ಗುರುತೇ.

ಕೊನೆಗೆ ವಾರ್ನಿಶ್. ಮೊದಲು ಹೊಳೆಯುವಂಥದ್ದು, ಅದು ಗಟ್ಟಿ. ಒಣಗಿದ ಮೇಲೆ ಮ್ಯಾಟ್, ಅದು ಹೊಳಪು ತೆಗೆಯಲು.

ಬಾವುಟ ಮತ್ತು ಕೆಸರು

ದಂಡಿನ ನಡುವೆ ಎರಡು ಬಾವುಟ. ಒಂದು ಯೂನಿಯನ್ ಬಾವುಟ. ಇನ್ನೊಂದು ರೆಜಿಮೆಂಟಿನದು, ಸಾಮಾನ್ಯವಾಗಿ ಕಾಲರಿನ ಬಣ್ಣದ್ದು. ಆದರೆ ಕಾಲರು ಕೆಂಪಾಗಿದ್ದ ರೆಜಿಮೆಂಟುಗಳಿಗೆ ಬಿಳಿ ಬಾವುಟದ ಮೇಲೆ ಕೆಂಪು ಶಿಲುಬೆ. 33ನೆಯದಕ್ಕೂ ಅದೇ. ಕಾಗದದ ಮೇಲೆ ಪ್ರಿಂಟ್ ತೆಗೆದು, ಕೋಲಿನ ಸುತ್ತ ಮಡಚಿ, ಫೆವಿಕಾಲ್ ಹಸಿ ಇರುವಾಗಲೇ ಬೆರಳಿನಿಂದ ಅಲೆ ಅಲೆಯಾಗಿ ಬಾಗಿಸಿ. ಕತ್ತರಿಸಿದ ಅಂಚಿನಲ್ಲಿ ಕಾಗದದ ಬಿಳಿ ಕಾಣುತ್ತದೆ. ಅಲ್ಲಿಗೆ ಬಣ್ಣ ಮುಟ್ಟಿಸುವುದನ್ನು ಮರೆಯಬೇಡಿ.

ಬೇಸ್ ಅಂದರೆ ಸಿಪಾಯಿಗಳು ನಿಲ್ಲುವ ತುಂಡು. 40 ಮಿ.ಮೀ. ಚೌಕದ ಮೇಲೆ ನಾಲ್ಕು ಜನರನ್ನು ನಿಲ್ಲಿಸುವುದು ಸಾಮಾನ್ಯ ಕ್ರಮ. ಇಪ್ಪತ್ತನಾಲ್ಕು ಜನಕ್ಕೆ ಆರು ತುಂಡು. ಫೆವಿಕಾಲ್ ಬಳಿದು, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮರಳು ಉದುರಿಸಿ. ಒಣಗಿದ ಮೇಲೆ ಗಾಢ ಕಂದು ಬಣ್ಣ, ಅದರ ಮೇಲೆ ಕೆದರಿದ ಬ್ರಷ್‌ನಲ್ಲಿ ತಿಳಿ ಕಂದನ್ನು ಒಣಗೊಣಗಾಗಿ ಸವರಿ.

ಮಣ್ಣಿನ ಬಣ್ಣದಲ್ಲಿ ನಾನೇ ಒಮ್ಮೆ ಎಡವಿದ್ದೆ. ಅಂಗಳದ ಕೆಂಪು ಮಣ್ಣು ತಂದು ಹಾಕಿದೆ. ವಾಟರ್‌ಲೂ ಸಿಪಾಯಿಗಳು ಕೋಲಾರದ ರಾಗಿ ಹೊಲದಲ್ಲಿ ನಿಂತ ಹಾಗಾಯಿತು. ಬೆಲ್ಜಿಯಂನ ಆ ನೆಲ ಕಂದು. ಜೂನ್ 17ರ ರಾತ್ರಿಯೆಲ್ಲ ಜಡಿಮಳೆ, 18ಕ್ಕೆ ಯುದ್ಧ. ಹೊಲಗಳಲ್ಲಿ ಆಳೆತ್ತರದ ರೈ ಬೆಳೆ ತುಳಿದು ನೆಲಕ್ಕೆ ಬಿದ್ದಿತ್ತು. ಹಾಗಾಗಿ ಹಸಿರು ಹುಲ್ಲಿಗಿಂತ ಕೆಸರು, ಅದರ ಮೇಲೆ ಅಡ್ಡಾದಿಡ್ಡಿ ಒಣಹುಲ್ಲು. ತೆಂಗಿನ ನಾರನ್ನು ಸಣ್ಣದಾಗಿ ಕತ್ತರಿಸಿ ಅಂಟಿಸಿದರೆ ಚೆನ್ನಾಗಿ ಹೊಂದುತ್ತದೆ. ಅದೇ ಕಂದು ಬಣ್ಣವನ್ನು ಸ್ಪಂಜಿನ ಚೂರಿನಲ್ಲಿ ಅದ್ದಿ ಪ್ಯಾಂಟಿನ ಮೊಣಕಾಲ ಕೆಳಗೆ ತಟ್ಟಿ. ಅಲ್ಲಿ ಏನಾದರೂ ತಪ್ಪು ಮಾಡಿದ್ದರೆ ಅದೂ ಮುಚ್ಚಿಹೋಗುತ್ತದೆ.

ಹಡಗು

ಸಿಪಾಯಿಗಳಿಂದ ಬೇಸರ ಬಂದಾಗ ಹಡಗು ಹಿಡಿಯಿರಿ. 1805ರ ಅಕ್ಟೋಬರ್ 21ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷರ ದೊಡ್ಡ ಯುದ್ಧನೌಕೆಗಳು 27, ಫ್ರೆಂಚ್ ಮತ್ತು ಸ್ಪ್ಯಾನಿಷ್ ಸೇರಿ 33. ಎಲ್ಲ ಮಾಡಬೇಕಿಲ್ಲ, ಆರು ಸಾಕು. ವಾರ್ಲಾರ್ಡ್‌ನ ಬ್ಲ್ಯಾಕ್ ಸೀಸ್ ಆಟದ ಹಡಗುಗಳು 1:700 ಅಳತೆಯವು. ಆ ಅಳತೆಯಲ್ಲಿ ಬ್ರಿಟಿಷ್ ನೌಕಾದಳದ ನಾಯಕ ನೆಲ್ಸನ್‌ನ ವಿಕ್ಟರಿಯಂಥ 104 ಫಿರಂಗಿಯ ಹಡಗಿನ ಒಡಲು ಸುಮಾರು 8 ಸೆಂ.ಮೀ., ನಾವಿಕನೊಬ್ಬ ಎರಡೂವರೆ ಮಿ.ಮೀ.

ಬ್ರಿಟಿಷ್ ಹಡಗುಗಳ ಪರಿಚಿತ ಬಣ್ಣ ಹಳದಿ–ಕಪ್ಪು ಪಟ್ಟೆ. ಫಿರಂಗಿ ಕಿಂಡಿಗಳ ಸಾಲಿಗೆ ಹಳದಿ, ನಡುವೆ ಕಪ್ಪು, ಕಿಂಡಿಯ ಬಾಗಿಲುಗಳೂ ಕಪ್ಪು. ಬಾಗಿಲು ಮುಚ್ಚಿದಾಗ ಚೌಕಳಿ. ಇದಕ್ಕೆ ನೆಲ್ಸನ್ ಚೆಕರ್ ಅಂತ ಹೆಸರು. ಹೊಸಬರು ಒಡಲಿಗೆಲ್ಲ ಕಪ್ಪು ಬಳಿದು ಅದರ ಮೇಲೆ ಹಳದಿ ಎಳೆಯುತ್ತಾರೆ. ಉಲ್ಟಾ ಮಾಡಿ. ಹಳದಿ ಕಪ್ಪನ್ನು ಮುಚ್ಚಲು ಮೂರು ಕೋಟು ಬೇಕು, ಕಪ್ಪು ಹಳದಿಯನ್ನು ಒಂದೇ ಕೋಟಿನಲ್ಲಿ ಮುಚ್ಚುತ್ತದೆ. ಒಡಲಿಗೆಲ್ಲ ಹಳದಿ, ಅದಕ್ಕೊಂದು ತೆಳು ಕಂದು ವಾಶ್, ಆಮೇಲೆ ಕಪ್ಪು ಪಟ್ಟೆ, ಕೊನೆಗೆ ಕಿಂಡಿ. ಕಿಂಡಿಯ ಬಾಗಿಲು ಸ್ವಲ್ಪ ಉಬ್ಬಿರುತ್ತದೆ. ಬ್ರಷ್‌ನ ತುದಿ ಬಿಟ್ಟು ಪಕ್ಕೆಯನ್ನು ಅದರ ಮೇಲೆ ಮೆಲ್ಲಗೆ ಎಳೆದರೆ ಬಣ್ಣ ಉಬ್ಬಿಗೆ ಮಾತ್ರ ಹಿಡಿಯುತ್ತದೆ.

ಹಳದಿ ಅಂದರೆ ಅರಿಶಿನ ಅಲ್ಲ. ಮಾಸಲು, ಮಣ್ಣಿನ ಹಳದಿ. ಪೋರ್ಟ್ಸ್‌ಮತ್‌ನಲ್ಲಿರುವ ವಿಕ್ಟರಿಯ ಹಳೇ ಬಣ್ಣದ ಪದರಗಳನ್ನು ಪರೀಕ್ಷಿಸಿ 2015ರಲ್ಲಿ ಮತ್ತೆ ಬಳಿದಾಗ ಗಾಢ ಹಳದಿ ಹೋಗಿ, ಗುಲಾಬಿ ಕಡೆಗೆ ವಾಲುವ ತಿಳಿ ಬಣ್ಣ ಬಂತು. ನನ್ನ ವಿಕ್ಟರಿಗೆ ಅದನ್ನೇ ಹಚ್ಚಿ ನೋಡಿದೆ. ಮೂರಡಿಯಿಂದ ಅದು ತಪ್ಪು ಮಾಡಿದ ಹಾಗೇ ಕಾಣುತ್ತಿತ್ತು. ಮತ್ತೆ ಮಣ್ಣಿನ ಹಳದಿಗೇ ಬಂದೆ. ಇತಿಹಾಸಕ್ಕೆ ಮೋಸ ಅನ್ನುವವರು ಅನ್ನಲಿ.

ಡೆಕ್ಕಿಗೆ ಕಂದು ಹಚ್ಚಬೇಡಿ. ಬಿಸಿಲಿಗೆ ಬಿದ್ದ ಮರ ಬೂದಾಗುತ್ತದೆ, ನಮ್ಮ ತೇಗದ ಬಾಗಿಲನ್ನೇ ನೋಡಿ. ಅಂದ ಹಾಗೆ, ಆ ಕಾಲದ ಬ್ರಿಟಿಷ್ ಹಡಗುಗಳಲ್ಲಿ ತೇಗದವೂ ಇದ್ದವು. 74 ಫಿರಂಗಿಯ ಮಿಂಡೆನ್ ಮುಂಬಯಿಯಲ್ಲಿ ಕಟ್ಟಿ 1810ರಲ್ಲಿ ನೀರಿಗಿಳಿಸಿದ ಹಡಗು. ಮಲಬಾರ್ ತೇಗದಿಂದ ಅಲ್ಲೇ ಕಟ್ಟಿ 1817ರಲ್ಲಿ ಇಳಿಸಿದ ಟ್ರಿಂಕೋಮಲಿ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ.

ಪಟ ಬಿಳಿಯಲ್ಲ, ಒಗೆಯದ ಖಾದಿಯ ಬಣ್ಣ. ಮೇಲಿನಿಂದ ಕೆಳಕ್ಕೆ ತೆಳು ಕಂದು ವಾಶ್ ಎಳೆದು, ಉಬ್ಬಿದ ಕಡೆ ಕೆನೆಬಣ್ಣ ಸವರಿ. ಇನ್ನೊಂದು ಸಣ್ಣ ಸಂಗತಿ. ಟ್ರಫಾಲ್ಗರ್‌ನಲ್ಲಿ ಹೊಗೆಯ ನಡುವೆ ತಮ್ಮವರನ್ನು ಗುರುತಿಸಲು ನೆಲ್ಸನ್ ತನ್ನ ಹಡಗುಗಳ ಕೂವೆಮರದ (ಪಟ ಕಟ್ಟುವ ಕಂಬ) ಕಬ್ಬಿಣದ ಬಳೆಗಳಿಗೆ ಹಳದಿ ಬಳಿಸಿದ. ಎದುರಾಳಿಗಳವು ಕಪ್ಪು. ನಿಮ್ಮ ಮೇಜಿನ ಮೇಲೂ ಈ ಉಪಾಯ ಕೆಲಸ ಮಾಡುತ್ತದೆ: ಕೂವೆಮರ ನೋಡಿದರೆ ಯಾರ ಹಡಗು ಅಂತ ತಿಳಿಯುತ್ತದೆ.

ಹಗ್ಗ ಕಟ್ಟುವುದಕ್ಕೆ ಎಲ್ಲರೂ ಹೆದರುತ್ತಾರೆ. ನಿಜವಾದ ಹಡಗಿನ ಅಷ್ಟೂ ಹಗ್ಗ ಬೇಕಿಲ್ಲ. ಕೂವೆಮರವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದರು, ಅವು ಕಪ್ಪು. ಪಟ ಎಳೆಯುವ ಹಗ್ಗಗಳು ನಾರಿನ ಬಣ್ಣ. ಕೂವೆಮರದಿಂದ ಕೂವೆಮರಕ್ಕೆ, ಅಲ್ಲಿಂದ ಮೂತಿಯ ಕಂಬಕ್ಕೆ ಆರೇಳು ಕಪ್ಪು ದಾರ, ಪಟದ ಕೆಳತುದಿಗಳಿಂದ ಡೆಕ್ಕಿಗೆ ನಾಲ್ಕು ಕಂದು ದಾರ, ಇಷ್ಟಕ್ಕೇ ಕಣ್ಣು ಮೋಸಹೋಗುತ್ತದೆ. ಹೊಲಿಗೆ ದಾರಕ್ಕೆ ಜೇನುಮೇಣ ತಿಕ್ಕಿದರೆ ರೋಮ ಏಳುವುದಿಲ್ಲ. ಹಿಂದಿನ ಕೂವೆಮರದಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಜಾಸ್ತಿ ಬಿಗಿ ಎಳೆದರೆ ಕೂವೆಮರ ಬಿಲ್ಲಾಗುತ್ತದೆ.

ಬಾವುಟ ಯಾವ ಕಡೆ ಹಾರಬೇಕು? ಇದರಲ್ಲಿ ತುಂಬಾ ಜನ ತಪ್ಪುತ್ತಾರೆ. ಬೈಕಿಗೆ ಕಟ್ಟಿದ ಬಾವುಟ ಹಿಂದಕ್ಕೆ ಹಾರುತ್ತದೆ. ಹಡಗನ್ನು ಓಡಿಸುವುದೇ ಗಾಳಿ. ಗಾಳಿ ಹಿಂದಿನಿಂದ ಬಂದು ಪಟ ಮುಂದಕ್ಕೆ ಉಬ್ಬಿದ್ದರೆ ಬಾವುಟವೂ ಮುಂದಕ್ಕೇ ಹಾರಬೇಕು. ಅವತ್ತು ನೆಲ್ಸನ್ ತನ್ನ ಹಡಗುಗಳಿಗೆಲ್ಲ ಬಿಳಿ ನೆಲದ ನೌಕಾ ಬಾವುಟ, ಅಂದರೆ ವೈಟ್ ಎನ್‌ಸೈನ್, ಏರಿಸಲು ಹೇಳಿದ್ದ, ಹಾಗಾಗಿ ಬ್ರಿಟಿಷ್ ಹಡಗುಗಳ ಹಿಂಬದಿಗೆ ಒಂದೇ ನಮೂನೆ ಸಾಕು. ಫ್ರೆಂಚರಿಗೆ ಮೂರು ಬಣ್ಣದ್ದು, ಸ್ಪೇನಿಗೆ ಕೆಂಪು–ಹಳದಿ–ಕೆಂಪು.

ಸಮುದ್ರಕ್ಕೆ ಟಿಶ್ಯೂ ಕಾಗದ. ಬೇಸಿನ ಮೇಲೆ ನೀರು ಬೆರೆಸಿದ ಫೆವಿಕಾಲ್ ಬಳಿದು, ಟಿಶ್ಯೂ ಹಾಸಿ, ಬ್ರಷ್‌ನಿಂದ ದೂಡಿ ದೂಡಿ ಅಲೆ ಎಬ್ಬಿಸಿ. ಒಣಗಿದ ಮೇಲೆ ಹಸಿರು ಬೆರೆತ ಗಾಢ ನೀಲಿ, ಅಲೆಯ ಮೇಲೆ ತಿಳಿ ಹಸಿರು, ಕೊನೆಗೆ ಹೊಳೆಯುವ ವಾರ್ನಿಶ್ ಎರಡು ಕೋಟು. ಟ್ರಫಾಲ್ಗರ್‌ನಲ್ಲಿ ಆ ದಿನ ಗಾಳಿ ಮಂದ, ಅಲೆ ಮಾತ್ರ ಉದ್ದುದ್ದ. ಹಡಗುಗಳು ತೆವಳುತ್ತಿದ್ದವು. ಮೂತಿಯಲ್ಲಿ ನೊರೆ ಹಾರಿಸಬೇಡಿ, ಒಂದು ತೆಳು ಬಿಳಿ ಗೆರೆ ಸಾಕು.

ಒಯ್ಯುವಾಗ ಸಿಪಾಯಿಗಳ ಬೇಸಿನಡಿ ಮ್ಯಾಗ್ನೆಟ್ ಶೀಟ್ ಅಂಟಿಸಿ, ಹಳೇ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ನಿಲ್ಲಿಸಿ. ಬಸ್ಸು ಗುಂಡಿಗೆ ಬಿದ್ದರೂ ಕದಲುವುದಿಲ್ಲ. ಹಡಗಿಗೆ ಕೂವೆಮರಕ್ಕಿಂತ ಎರಡು ಬೆರಳು ಎತ್ತರದ ಡಬ್ಬಿ ಬೇಕು. ಆಡುವವರಿಗೆ ಮೊದಲೇ ಹೇಳಿಬಿಡಿ, ಬೇಸ್ ಹಿಡಿದು ಎತ್ತಿ, ಕೂವೆಮರ ಹಿಡಿಯಬೇಡಿ ಅಂತ. ಹೇಳಿದರೂ ಯಾರಾದರೂ ಹಿಡಿಯುತ್ತಾರೆ. ಡಬ್ಬಿಯ ಮೂಲೆಯಲ್ಲಿ ಒಂದು ಫೆವಿಕ್ವಿಕ್ ಇಟ್ಟುಕೊಂಡೇ ಹೋಗಿ.